ಡೊಮೇನ್ ಹೆಸರನ್ನು ಮಾಲೀಕರಿಂದಲೇ ಕೊಳ್ಳುವಾಗ ದುಡ್ಡು ಯಾವಾಗ, ಯಾರ ಕೈಗೆ?

ಅಡಿಕೆಸೀಮೆ:

ಎಲ್ಲರಿಗೂ ನಮಸ್ಕಾರ. ಅಡಿಕೆ ಹಾಳೆಯ ತಟ್ಟೆ ರಫ್ತು ಮಾಡುವ ನಮ್ಮ ಸಂಸ್ಥೆಗೆ ಒಂದು ಡಾಟ್ ಕಾಮ್ ಹೆಸರು ಬೇಕಾಗಿದೆ. ಈಗಿನ ಮಾಲೀಕರು ಹೊರದೇಶದವರು, 3,200 ಡಾಲರಿಗೆ ಮಾತು ಮುಗಿದಿದೆ. ದುಡ್ಡು ಕೊಡುವುದಕ್ಕೆ ಅವರು ಎರಡು ದಾರಿ ಹೇಳುತ್ತಿದ್ದಾರೆ. ಒಂದು, ಅರ್ಧ ಹಣ ಬ್ಯಾಂಕ್ ವೈರ್‌ನಲ್ಲಿ ಮುಂಗಡ, ಆಥ್ ಕೋಡ್ (ಹೆಸರನ್ನು ಬೇರೆ ಕಂಪನಿಗೆ ಒಯ್ಯಲು ಬೇಕಾದ ಗುಟ್ಟಿನ ಸಂಕೇತ) ಕೈಗೆ ಬಂದ ಕೂಡಲೇ ಉಳಿದರ್ಧ. ಇನ್ನೊಂದು, ಅವರೇ ಲಿಂಕ್ ಕಳಿಸಿರುವ ಒಂದು ಎಸ್ಕ್ರೋ ಸೈಟು, ಅಂದರೆ ಹೆಸರು ಕೈ ಬದಲಾಗುವವರೆಗೆ ಹಣವನ್ನು ನಡುವೆ ಹಿಡಿದಿಡುವ ಸೇವೆ. ಹೆಸರು ಅವರ ಗೋಡ್ಯಾಡಿ ಖಾತೆಯಲ್ಲಿದೆ, ನಮ್ಮ ಖಾತೆ ನೇಮ್‌ಚೀಪ್‌ನಲ್ಲಿದೆ (ಎರಡೂ ಡೊಮೇನ್ ಹೆಸರು ನೋಂದಾಯಿಸುವ ಕಂಪನಿಗಳು, ಅಂದರೆ ರಿಜಿಸ್ಟ್ರಾರ್‌ಗಳು). ಯಾವ ಕ್ರಮದಲ್ಲಿ ಹೋದರೆ ಹಣ ಮುಳುಗುವುದಿಲ್ಲ? ಗೊತ್ತಿದ್ದವರು ವಿವರವಾಗಿ ತಿಳಿಸಿ.

ರೂಟ್‌ಝೋನ್:

ಎರಡೂ ಬೇಡ ಅನ್ನಿ ಸರ್.

ಮೊದಲನೆಯದು ಯಾಕೆ ಬೇಡ ಅಂದರೆ, ಆಥ್ ಕೋಡ್ ಸಿಕ್ಕಿತು ಎಂದ ಮಾತ್ರಕ್ಕೆ ಹೆಸರು ಸಿಕ್ಕಿದಂತೆ ಅಲ್ಲ. ನೀವು ಆ ಕೋಡ್ ಹಾಕಿ ನೇಮ್‌ಚೀಪ್‌ನಲ್ಲಿ ವರ್ಗಾವಣೆ ಶುರು ಮಾಡಿದ ಮೇಲೆ ಗೋಡ್ಯಾಡಿಯಿಂದ ಹಳೇ ಮಾಲೀಕರಿಗೆ ಒಂದು ಮೇಲ್ ಹೋಗುತ್ತದೆ. ಅವರು ಒಪ್ಪಿಗೆ ಕೊಟ್ಟರೆ ಬೇಗ ಮುಗಿಯುತ್ತದೆ, ಸುಮ್ಮನಿದ್ದರೆ 5 ದಿನಕ್ಕೆ ತಾನಾಗಿ ಆಗುತ್ತದೆ. ಆದರೆ ಆ 5 ದಿನದೊಳಗೆ 'ಬೇಡ' ಎಂದು ಒತ್ತುವ ಅವಕಾಶವೂ ಅವರ ಕೈಯಲ್ಲೇ ಇರುತ್ತದೆ. ನೀವು ವರ್ಗಾವಣೆ ಶುರು ಮಾಡುವ ಮೊದಲೇ ವರ್ಗಾವಣೆ ತಡೆಯುವ ಲಾಕ್ ಮತ್ತೆ ಹಾಕಬಹುದು, ಹೊಸ ಕೋಡ್ ತೆಗೆದು ನಿಮ್ಮ ಹತ್ತಿರ ಇರುವುದನ್ನು ನಿರುಪಯೋಗಿ ಮಾಡಬಹುದು. ಕೋಡ್ ಬಂದ ಕೂಡಲೇ ಪೂರ್ತಿ ಹಣ ಎಂದರೆ, ಹೆಸರು ಇನ್ನೂ ಅವರ ಹಿಡಿತದಲ್ಲಿರುವಾಗಲೇ ನಿಮ್ಮ ಕೈ ಖಾಲಿ. ವೈರ್‌ನಲ್ಲಿ ಹೋದ ದುಡ್ಡನ್ನು ವಾಪಸ್ ಎಳೆಯುವ ದಾರಿ ಇಲ್ಲ.

ಎರಡನೆಯದು ಇನ್ನೂ ಅಪಾಯ. ಮಾರುವವರು 'ಇದೇ ಎಸ್ಕ್ರೋ ಆಗಬೇಕು' ಎಂದು ಲಿಂಕ್ ಕಳಿಸಿ ಒತ್ತಾಯ ಮಾಡುವುದೇ ಈ ವ್ಯಾಪಾರದಲ್ಲಿ ನಡೆಯುವ ದೊಡ್ಡ ಮೋಸ. ಆ ಲಿಂಕ್ ತೆರೆಯಬೇಡಿ. ಹೆಸರಿರುವ ಸೇವೆಯ ವಿಳಾಸವನ್ನು ಬ್ರೌಸರಿನಲ್ಲಿ ನೀವೇ ಟೈಪ್ ಮಾಡಿ ಹೋಗಿ. ಡೊಮೇನ್ ವ್ಯವಹಾರದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಸ್ಕ್ರೋ ಡಾಟ್ ಕಾಮ್. ಅಲ್ಲಿ ಕೆಲಸ ನಡೆಯುವ ಕ್ರಮ ಹೀಗಿದೆ:

ಖಾತೆ ತೆರೆದು ಗುರುತಿನ ದಾಖಲೆ ಕೊಟ್ಟು ಪರಿಶೀಲನೆ ಮುಗಿಸಿಕೊಳ್ಳಿ. ಮೊತ್ತ ದೊಡ್ಡದಿದ್ದಾಗ ಇದಕ್ಕೇ ಒಂದೆರಡು ದಿನ ಹೋಗುತ್ತದೆ, ಹಾಗಾಗಿ ಮೊದಲೇ ಮಾಡಿಡಿ. ವ್ಯವಹಾರವನ್ನು ನೀವೇ ಸೃಷ್ಟಿಸಿ, ಅವರ ಕೈಗೆ ಬಿಡಬೇಡಿ. ಅದರಲ್ಲಿ ಡೊಮೇನನ್ನು ಅಕ್ಷರಕ್ಕೆ ಅಕ್ಷರ, ಕೊನೆಯ ಡಾಟ್ ಕಾಮ್ ಸಮೇತ ಬರೆಯಿರಿ. ಬೆಲೆ, ಕರೆನ್ಸಿ, ಎಸ್ಕ್ರೋ ಶುಲ್ಕ ಯಾರದು ಅಥವಾ ಅರ್ಧರ್ಧವೇ, ಪರಿಶೀಲನೆಗೆ ಎಷ್ಟು ದಿನ, ಹೆಸರು ಯಾವ ಬಗೆಯಲ್ಲಿ ಕೈ ಬದಲಾಗಬೇಕು, ಎಲ್ಲವೂ ಅಲ್ಲೇ ಬರಹದಲ್ಲಿ ಇರಬೇಕು. ಇಬ್ಬರೂ ಒಪ್ಪಿದ ಮೇಲಷ್ಟೇ ಹಣ ಕಳಿಸುವ ವಿವರ ನಿಮ್ಮ ಖಾತೆಯೊಳಗೆ ಕಾಣುತ್ತದೆ. ಮೇಲ್‌ನಲ್ಲಿ ಬಂದ ಬ್ಯಾಂಕ್ ವಿವರ ನಂಬಬೇಡಿ, ಲಾಗಿನ್ ಆಗಿ ನೋಡಿದ್ದನ್ನಷ್ಟೇ ನಂಬಿ. ಹಣ ಎಸ್ಕ್ರೋಗೆ ಸೇರಿದ ಮೇಲೆ ಮಾರುವವರಿಗೆ 'ಈಗ ವರ್ಗಾಯಿಸಿ' ಎಂಬ ಸೂಚನೆ ಹೋಗುತ್ತದೆ. ಅವರು ವರ್ಗಾಯಿಸುತ್ತಾರೆ, ನೀವು ನೋಡಿ ಒಪ್ಪುತ್ತೀರಿ, ಆಮೇಲೆ ಹಣ ಅವರಿಗೆ ಬಿಡುಗಡೆ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಪರಿಶೀಲನೆಯ ಅವಧಿ ಮುಗಿಯುವವರೆಗೂ ನೀವು ಏನೂ ಹೇಳದಿದ್ದರೆ ಒಪ್ಪಿದಂತೆಯೇ ಲೆಕ್ಕ. ಆ ದಿನಗಳಲ್ಲಿ ಪ್ರಯಾಣ, ಮದುವೆ, ಜಾತ್ರೆ ಯಾವುದೂ ಇಲ್ಲದಂತೆ ನೋಡಿಕೊಳ್ಳಿ.

ಬೇ ಏರಿಯಾ ಕನ್ನಡಿಗ:

ನಕಲಿ ಎಸ್ಕ್ರೋ ಗುರುತಿಸುವ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಇಂಟರ್ನೆಟ್ ಎಸ್ಕ್ರೋ ನಡೆಸುವವರಿಗೆ ರಾಜ್ಯದ ಹಣಕಾಸು ರಕ್ಷಣಾ ಇಲಾಖೆ, ಅಂದರೆ ಡಿಎಫ್‌ಪಿಐ, ಪರವಾನಗಿ ಕೊಡುತ್ತದೆ. ಇಲಾಖೆಯ ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಮೋಸದ ಸೈಟುಗಳೂ ನಿಜವಾದ ಪರವಾನಗಿ ಸಂಖ್ಯೆಯನ್ನೇ ನಕಲು ಮಾಡಿ ಪುಟದ ಕೆಳಗೆ ಅಂಟಿಸಿಕೊಂಡಿರುತ್ತವೆ. ಆದ್ದರಿಂದ ಸಂಖ್ಯೆ ನಿಜವೋ ಎಂದಷ್ಟೇ ನೋಡಿದರೆ ಸಾಲದು, ಆ ಸಂಖ್ಯೆ ಯಾವ ಸಂಸ್ಥೆಗೆ ಸೇರಿದೆ, ಆ ಸಂಸ್ಥೆಯ ವೆಬ್ ವಿಳಾಸ ನಿಮ್ಮ ಮುಂದಿರುವುದೇ ಹೌದೋ ಎಂದು ಹೊಂದಿಸಿ ನೋಡಬೇಕು.

ಇನ್ನೊಂದು ಸುಲಭದ ಪರೀಕ್ಷೆ: ಡೊಮೇನ್ ಹೆಸರುಗಳ ನಿಯಮ ಮಾಡುವ ಜಾಗತಿಕ ಸಂಸ್ಥೆ ಐಕ್ಯಾನ್‌ನ ಲುಕಪ್ (ನೋಂದಣಿ ವಿವರ ಹುಡುಕುವ) ಪುಟದಲ್ಲಿ ಆ ಎಸ್ಕ್ರೋ ಸೈಟಿನ ಹೆಸರನ್ನೇ ಹಾಕಿ ನೋಡಿ. 'ಇಪ್ಪತ್ತು ವರ್ಷದ ಅನುಭವ' ಎಂದು ಬರೆದುಕೊಂಡ ಸೈಟು ಮೂರು ತಿಂಗಳ ಹಿಂದೆ ನೋಂದಣಿಯಾಗಿದ್ದರೆ ಅಲ್ಲಿಗೆ ಮುಗಿಯಿತು. ಹಣ ಯಾರ ಹೆಸರಿನ ಖಾತೆಗೆ ಹೋಗಬೇಕು ಎನ್ನುವುದನ್ನೂ ಗಮನಿಸಿ. ವ್ಯಕ್ತಿಯೊಬ್ಬರ ಹೆಸರಿನ ಖಾತೆ, ಇಲ್ಲವೇ ಕ್ರಿಪ್ಟೋ ವ್ಯಾಲೆಟ್ ಎಂದರೆ ಅದು ಎಸ್ಕ್ರೋ ಅಲ್ಲವೇ ಅಲ್ಲ.

ಅಡ್ರೆಸ್ ಬಾರ್‌ನಲ್ಲಿ ಕಾಣುವ ಅಕ್ಷರಗಳನ್ನೂ ನಂಬುವ ಹಾಗಿಲ್ಲ. ಸಿರಿಲಿಕ್ ಲಿಪಿಯ ಕೆಲವು ಅಕ್ಷರ ಇಂಗ್ಲಿಷ್ ಅಕ್ಷರದಂತೆಯೇ ಕಾಣುತ್ತವೆ. ವಿಳಾಸವನ್ನು ನೀವೇ ಟೈಪ್ ಮಾಡಿದರೆ ಈ ಬಲೆಗೆ ಬೀಳುವ ಪ್ರಶ್ನೆಯೇ ಇಲ್ಲ.

ಹುಬ್ಬಳ್ಳಿ ಹೋಸ್ಟ್:

ರೂಟ್‌ಝೋನ್ ಅವರು ಹೇಳಿದ್ದು ಖರೆ ಐತ್ರಿ. ಆದ್ರ ಎರಡು ರಿಜಿಸ್ಟ್ರಾರ್ ನಡುವಿನ ವರ್ಗಾವಣೆ ಮೊದಲೇ ಯಾಕ ಬೇಕು? ಅವರ ಹೆಸರು ಗೋಡ್ಯಾಡಿಯೊಳಗ ಐತಿ ಅಂದ್ರ ನೀವೂ ಅಲ್ಲೇ ಒಂದು ಪುಕ್ಕಟೆ ಖಾತೆ ತಗೀರಿ. ಒಂದೇ ರಿಜಿಸ್ಟ್ರಾರ್ ಒಳಗ ಒಂದು ಖಾತೆಯಿಂದ ಇನ್ನೊಂದಕ್ಕ ದಾಟಿಸೋದಕ್ಕ ನಮ್ಮ ಮಂದಿ 'ಪುಶ್' ಅಂತಾರ. ನಿಮ್ಮ ಖಾತೆಯ ಈಮೇಲು, ಗ್ರಾಹಕ ಸಂಖ್ಯೆ ಕೊಟ್ರ ಅವರು ಕಳಸ್ತಾರ, ನೀವು ಒಪ್ಪಿಗೋಬೇಕು. ಆಥ್ ಕೋಡ್ ಬ್ಯಾಡ, 5 ದಿನ ಕಾಯೋದು ಬ್ಯಾಡ, ಹೆಚ್ಚು ಅಂದ್ರ ಒಂದೆರಡು ತಾಸಿನ ಕೆಲಸ. ನೀವು ಒಪ್ಪಿಗೊಂಡ ಮ್ಯಾಲ ಅವರಿಗೆ ರದ್ದು ಮಾಡೋ ಸಂದಿ ಇರೂದಿಲ್ಲ.

ವರ್ಗಾವಣೆಗಾದ್ರ ಮೊದಲು 'ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್' ಲಾಕ್ ತಗಿಸಬೇಕು, ಕೋಡ್ ಕೇಳಬೇಕು, ಒಂದು ವರ್ಷದ ನವೀಕರಣದ ರೊಕ್ಕಾನೂ ಹೊಸ ರಿಜಿಸ್ಟ್ರಾರ್‌ಗೆ ಕಟ್ಟಬೇಕು. ಆ ವರ್ಷ ನಿಮ್ಮ ಹೆಸರಿಗೇ ಕೂಡತೈತಿ ಅನ್ನೋದು ಬ್ಯಾರೆ ಮಾತು.

ರೂಟ್‌ಝೋನ್:

ಪುಶ್ ಒಳ್ಳೆಯ ಸಲಹೆ, ನನ್ನದೂ ಅದೇ ಮತ. ಆದರೆ ಅದರ ಹಿಂದೆ ಒಂದು ಲಾಕ್ ಇದೆ, ಮೊದಲೇ ತಿಳಿದಿರಲಿ. 2016ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಐಕ್ಯಾನ್ ನಿಯಮದಂತೆ ನೋಂದಾಯಿತರ ಹೆಸರು, ಸಂಸ್ಥೆ ಅಥವಾ ಈಮೇಲ್ ಬದಲಾದರೆ ಆ ದಿನದಿಂದ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವಂತಿಲ್ಲ. ಬದಲಾವಣೆಗೆ ಮುಂಚೆಯೇ ಈ ಲಾಕ್ ಬೇಡ ಎಂದು ಹೇಳುವ ಆಯ್ಕೆಯನ್ನು ರಿಜಿಸ್ಟ್ರಾರ್ ಕೊಡಬಹುದು, ಎಲ್ಲರೂ ಕೊಡುವುದಿಲ್ಲ. ಪುಶ್ ಆದಾಗ ಹೆಸರು, ಈಮೇಲ್ ಎರಡೂ ಬದಲಾಗುವುದರಿಂದ ಈ ಲಾಕ್ ಬೀಳುತ್ತದೆ ಎಂದೇ ಇಟ್ಟುಕೊಳ್ಳಿ. 60 ದಿನ ಗೋಡ್ಯಾಡಿಯಲ್ಲೇ ಇರಲು ತೊಂದರೆ ಇಲ್ಲ ಎಂದರೆ ಪುಶ್ ಮಾಡಿಸಿ. ನೇಮ್‌ಸರ್ವರ್ (ಹೆಸರು ಹಾಕಿದವರನ್ನು ಯಾವ ಸೈಟಿಗೆ ಕಳಿಸಬೇಕೆಂದು ಹೇಳುವ ಸರ್ವರ್) ಬದಲಿಸುವುದು, ಸೈಟು, ಮೇಲ್ ಯಾವುದಕ್ಕೂ ಲಾಕ್ ಅಡ್ಡಿ ಬರುವುದಿಲ್ಲ. ತಕ್ಷಣ ನೇಮ್‌ಚೀಪ್‌ಗೇ ಬೇಕು ಎಂದರೆ ಮೊದಲು ವರ್ಗಾವಣೆ, ಆಮೇಲೆ ವಿವರದ ಬದಲಾವಣೆ, ಈ ಕ್ರಮದಲ್ಲಿ ಹೋಗಬೇಕು.

ಅಷ್ಟೇ ಅಲ್ಲ, ಹೆಸರು ಹೊಸದಾಗಿ ನೋಂದಣಿಯಾಗಿ 60 ದಿನ ಆಗಿರದಿದ್ದರೆ, ಅಥವಾ ಹಿಂದಿನ ವರ್ಗಾವಣೆ ಆಗಿ 60 ದಿನ ಕಳೆದಿರದಿದ್ದರೆ ವರ್ಗಾವಣೆಯೇ ನಡೆಯುವುದಿಲ್ಲ. ಅಂಥ ಹೆಸರಿಗೆ ಪುಶ್ ಒಂದೇ ದಾರಿ.

ನಂಜನಗೂಡು ನೇಮ್‌ಸರ್ವರ್:

ಇಲ್ಲಿಯವರೆಗಿನ ಮಾತೆಲ್ಲ ದುಡ್ಡು ಕ್ಷೇಮವಾಗಿ ತಲುಪುವ ಬಗ್ಗೆ ಆಯಿತು. ಅಡಿಕೆಸೀಮೆ ಅವರು ಅದಕ್ಕಿಂತ ಮುಂಚೆ ನೋಡಬೇಕಾದ್ದು ಬೇರೆ ಇದೆ. ಎಸ್ಕ್ರೋ ಗಮನಿಸುವುದು ಹೆಸರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂತೇ ಎನ್ನುವುದನ್ನು ಮಾತ್ರ. ಮಾರುವವರಿಗೆ ಮಾರುವ ಹಕ್ಕು ಇದೆಯೇ ಎಂದು ಅದು ತೀರ್ಮಾನಿಸುವುದಿಲ್ಲ. ಜಮೀನು ಕೊಳ್ಳುವಾಗ ಪಹಣಿಯಲ್ಲಿ ಹೆಸರಿದೆ ಎಂದಷ್ಟಕ್ಕೇ ನಾವು ರಿಜಿಸ್ಟ್ರಿ ಮಾಡಿಸುವುದಿಲ್ಲ, ಇಸಿ ತೆಗೆಸಿ ಹಿಂದಿನ ವರ್ಷಗಳನ್ನೂ ನೋಡುತ್ತೇವೆ. ಇಲ್ಲೂ ಅಷ್ಟೇ ಮುಖ್ಯ.

ಕದ್ದ ಹೆಸರುಗಳು ಮಾರಾಟಕ್ಕೆ ಬರುತ್ತವೆ. ಪರ್ಲ್ ಡಾಟ್ ಕಾಮ್ ಪ್ರಕರಣ ಈ ವಿಷಯದಲ್ಲಿ ಓದಲೇಬೇಕಾದ್ದು. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೇ ಸೈಟು ಅದು. 2020ರ ಸೆಪ್ಟೆಂಬರ್‌ನಲ್ಲೇ ರಿಜಿಸ್ಟ್ರಾರ್ ಮಟ್ಟದಲ್ಲಿ ಅದು ಬೇರೆಯವರ ಹಿಡಿತಕ್ಕೆ ಹೋಗಿತ್ತು. ಡಿಸೆಂಬರ್‌ನಲ್ಲಿ ಇನ್ನೊಂದು ರಿಜಿಸ್ಟ್ರಾರ್‌ಗೆ, 2021ರ ಜನವರಿಯಲ್ಲಿ ಮತ್ತೊಂದಕ್ಕೆ ಹೋಯಿತು. ಜನವರಿವರೆಗೂ ಕಳ್ಳರು ನೇಮ್‌ಸರ್ವರ್ ಮುಟ್ಟಲಿಲ್ಲ, ಸೈಟು ಎಂದಿನಂತೆ ತೆರೆಯುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ಆಫ್ಟರ್ನಿಕ್ ಮಾರುಕಟ್ಟೆಯಲ್ಲಿ 1,90,000 ಡಾಲರ್ ಬೆಲೆಗೆ ಕಾಣಿಸಿಕೊಂಡಿತು. ಫೆಬ್ರುವರಿ ಮೊದಲ ವಾರದಲ್ಲಿ ಹಳೇ ಒಡೆಯರಿಗೆ ವಾಪಸ್ ಬಂತು. ನಡುವೆ ಯಾರಾದರೂ ಕೊಂಡಿದ್ದರೆ ಅವರ ಗತಿ ಏನಾಗುತ್ತಿತ್ತು ಯೋಚಿಸಿ.

ಕೊಂಡವರೂ ಇದ್ದಾರೆ. ಪಿ2ಪಿ ಡಾಟ್ ಕಾಮ್ ಹೆಸರನ್ನು 2006ರಲ್ಲಿ ಕದ್ದವನು ಇಬೇಯಲ್ಲಿ ಅದನ್ನು 1,11,000 ಡಾಲರಿಗೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರರೊಬ್ಬರಿಗೆ ಮಾರಿದ. ಕಳ್ಳನ ಬಂಧನವಾದದ್ದು 2009ರಲ್ಲಿ, 5 ವರ್ಷದ ಜೈಲು ಶಿಕ್ಷೆ ಆದದ್ದು 2011ರಲ್ಲಿ. ಡೊಮೇನ್ ಹೆಸರು ಸ್ವತ್ತು ಎಂದು ಅಮೆರಿಕದ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಕ್ರೆಮೆನ್ ಮೊಕದ್ದಮೆಯಲ್ಲಿ ಹೇಳಿದೆ. ಸ್ವತ್ತು ಎಂದಮೇಲೆ, ಕದ್ದದ್ದನ್ನು ತಿಳಿಯದೆ ಕೊಂಡರೂ ನಿಜವಾದ ಒಡೆಯರು ಬಂದು ಕೇಳುತ್ತಾರೆ.

ಹಾಗಾಗಿ ಹಣದ ಮಾತಿಗೆ ಮುಂಚೆ ಹೀಗೆ ನೋಡಿ. ಐಕ್ಯಾನ್ ಲುಕಪ್‌ನಲ್ಲಿ ಹೆಸರು ಹಾಕಿದರೆ ನೋಂದಣಿಯ ದಿನ, ಕೊನೆಯಾಗುವ ದಿನ, ಕೊನೆಯ ಬದಲಾವಣೆಯ ದಿನ, ಈಗಿನ ರಿಜಿಸ್ಟ್ರಾರ್ ಸಿಗುತ್ತದೆ. ಇದು ಈಗ ಆರ್‌ಡಿಎಪಿ ಎಂಬ ಹೊಸ ಹುಡುಕಾಟ ವ್ಯವಸ್ಥೆಯ ಮೂಲಕ ಬರುತ್ತದೆ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಹೂಈಸ್ ಎಂಬ ಹಳೆಯ ಹುಡುಕಾಟ ಸೇವೆ ಒದಗಿಸಬೇಕೆಂಬ ಕಡ್ಡಾಯ 2025ರ ಜನವರಿ 28ಕ್ಕೆ ಮುಗಿಯಿತು. ಮಾಲೀಕರ ಹೆಸರು ಬಹುತೇಕ ಮರೆಯಾಗಿರುತ್ತದೆ, ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ 2018ರಲ್ಲಿ ಜಾರಿಯಾದ ನಂತರ ಅದೇ ವಾಡಿಕೆ. ಮರೆಯಾಗಿರುವುದು ಅನುಮಾನದ ಕಾರಣವಲ್ಲ. ಅನುಮಾನ ಹುಟ್ಟಬೇಕಾದ್ದು ಬೇರೆ ಕಡೆ: ಹತ್ತು ಹದಿನೈದು ವರ್ಷ ಒಂದೇ ರಿಜಿಸ್ಟ್ರಾರ್‌ನಲ್ಲಿದ್ದ ಹೆಸರು ಈಚಿನ ಕೆಲವು ತಿಂಗಳಲ್ಲಿ ಜಾಗ ಬದಲಿಸಿ ಕೂಡಲೇ ಮಾರಾಟಕ್ಕೆ ಬಂದಿದ್ದರೆ, ಬೆಲೆ ಮಾರುಕಟ್ಟೆಗಿಂತ ತೀರಾ ಕೆಳಗಿದ್ದರೆ, ಮಾರುವವರು 'ನಾಳೆಯೊಳಗೆ' ಎಂದು ಅವಸರ ಮಾಡುತ್ತಿದ್ದರೆ. ಹಳೆಯ ನೋಂದಣಿ ದಾಖಲೆ ಡೊಮೈನ್‌ಟೂಲ್ಸ್‌ನಂಥ ಸೇವೆಯಲ್ಲಿ ಹಣ ಕೊಟ್ಟರೆ ಸಿಗುತ್ತದೆ. 3,200 ಡಾಲರ್ ವ್ಯವಹಾರಕ್ಕೆ ಆ ಖರ್ಚು ಸಾರ್ಥಕ.

ವೆಬ್ ಪುಟಗಳ ಹಳೆಯ ಪ್ರತಿ ಕೂಡಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಹಳೆಯ ಪುಟ ತೆರೆದು ಅಲ್ಲಿದ್ದ ಸಂಸ್ಥೆ ಯಾವುದು ನೋಡಿ. ಆ ಸಂಸ್ಥೆ ಇನ್ನೂ ಇದ್ದರೆ, ಮಾರುವವರು ಕೊಟ್ಟ ಈಮೇಲ್‌ಗಲ್ಲ, ಆ ಹಳೆಯ ಪುಟದಲ್ಲಿರುವ ಫೋನಿಗೆ ಕರೆ ಮಾಡಿ 'ಈ ಹೆಸರನ್ನು ನೀವು ಮಾರಿದ್ದೀರಾ' ಎಂದು ಕೇಳಿ.

ಮಾರುವವರ ಹಿಡಿತದಲ್ಲಿ ಹೆಸರು ಇದೆ ಎಂಬುದಕ್ಕೆ ಒಂದು ಪರೀಕ್ಷೆ ಇದೆ: ನೀವು ಹೇಳಿದ ಹತ್ತು ಹನ್ನೆರಡು ಅಕ್ಷರದ ಒಂದು ಸಾಲನ್ನು ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರಿನ ವಿಳಾಸ ದಾಖಲೆಗಳಲ್ಲಿ, ಟಿಎಕ್ಸ್‌ಟಿ ರೆಕಾರ್ಡ್ (ಬರಹದ ನಮೂದು) ಆಗಿ ಹಾಕಿಸಿ. ಹೆಸರು ತನ್ನದೆಂದು ಸುಮ್ಮನೆ ಹೇಳಿಕೊಳ್ಳುವವರು ಇದರಲ್ಲಿ ಸಿಕ್ಕಿಬೀಳುತ್ತಾರೆ. ಆದರೆ ಖಾತೆಯನ್ನೇ ಕದ್ದವರು ಇದರಲ್ಲಿ ಪಾಸಾಗುತ್ತಾರೆ, ಅದನ್ನು ಮರೆಯಬೇಡಿ. ಹಳೆಯ ವರ್ಷಗಳ ನವೀಕರಣ ರಸೀದಿ ಕೇಳುವುದು ಅದಕ್ಕೇ.

ಲೆಕ್ಕಪತ್ರ:

ಹಣ ಕಳಿಸುವ ಬ್ಯಾಂಕಿನ ಭಾಗ ನಾನು ಹೇಳುತ್ತೇನೆ.

ಅಡಿಕೆಸೀಮೆ ಅವರೇ, ಸಂಸ್ಥೆಯ ಹೆಸರಲ್ಲಿ ಕೊಳ್ಳುತ್ತಿದ್ದರೆ ಸಂಸ್ಥೆಯ ಚಾಲ್ತಿ ಖಾತೆಯಿಂದಲೇ ಕಳಿಸಿ. ವ್ಯಕ್ತಿಗಳಿಗೆ ಇರುವ ವರ್ಷಕ್ಕೆ 2,50,000 ಡಾಲರ್ ಮಿತಿಯ ಎಲ್‌ಆರ್‌ಎಸ್ ಯೋಜನೆ ಕಂಪನಿಗಳಿಗೆ ಅನ್ವಯಿಸುವುದಿಲ್ಲ, ಅವುಗಳ ದಾರಿ ಬೇರೆ. ಬ್ಯಾಂಕು ಹೊರದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್, ಇನ್‌ವಾಯ್ಸ್, ಆದಾಯ ತೆರಿಗೆಯ ಘೋಷಣೆ, ಕೆಲವೊಮ್ಮೆ ಸಿಎ ಪ್ರಮಾಣಪತ್ರ ಕೇಳುತ್ತದೆ. ಇಲ್ಲಿ ತಡವಾಗುವುದು ಒಂದೇ ಕಾರಣಕ್ಕೆ: ಇನ್‌ವಾಯ್ಸ್ ಮಾರುವವರ ಹೆಸರಲ್ಲಿ ಇರುತ್ತದೆ, ಹಣ ಹೋಗುವುದು ಎಸ್ಕ್ರೋ ಸಂಸ್ಥೆಗೆ. 'ಹೆಸರು ತಾಳೆ ಆಗುತ್ತಿಲ್ಲ' ಎಂದು ಬ್ಯಾಂಕು ನಿಲ್ಲಿಸುತ್ತದೆ. ಎಸ್ಕ್ರೋ ವ್ಯವಹಾರದ ಪುಟವನ್ನು, ಅದರಲ್ಲಿ ಕೊಳ್ಳುವವರು, ಮಾರುವವರು, ವ್ಯವಹಾರ ಸಂಖ್ಯೆ, ಮೊತ್ತ ಎಲ್ಲ ಕಾಣುವಂತೆ ಪ್ರಿಂಟ್ ತೆಗೆದು ಮೊದಲೇ ಜೊತೆಗೆ ಇಡಿ.

ವೈರ್ ಫಾರ್ಮಿನಲ್ಲಿ ಶುಲ್ಕದ ಆಯ್ಕೆ ಬರುತ್ತದೆ. 'ಶೇರ್ಡ್' ಎಂದು ಬಿಟ್ಟರೆ ಮಧ್ಯದ ಬ್ಯಾಂಕುಗಳು ತಮ್ಮ ಶುಲ್ಕವನ್ನು ಅಸಲಿನಲ್ಲೇ ಮುರಿದುಕೊಳ್ಳುತ್ತವೆ. 3,200 ಕಳಿಸಿದರೆ ಎಸ್ಕ್ರೋಗೆ ಮುಟ್ಟುವುದು ಅದಕ್ಕಿಂತ ಕಡಿಮೆ, ಪೂರ್ತಿ ಮೊತ್ತ ಸೇರುವವರೆಗೂ ವ್ಯವಹಾರ ಮುಂದಕ್ಕೆ ಹೋಗುವುದಿಲ್ಲ. ಆ ಹತ್ತಿಪ್ಪತ್ತು ಡಾಲರಿಗಾಗಿ ಇನ್ನೊಂದು ವೈರ್, ಇನ್ನೊಂದು ಶುಲ್ಕ. ಇಂಗ್ಲಿಷಿನ 'ಅವರ್' (OUR, ಅಂದರೆ ಶುಲ್ಕ ನಮ್ಮದು) ಎಂದು ಗುರುತು ಹಾಕಿದರೆ ಶುಲ್ಕವೆಲ್ಲ ನಿಮ್ಮ ಖಾತೆಯಿಂದ ಬೇರೆಯಾಗಿ ಹೋಗುತ್ತದೆ. ಎಸ್ಕ್ರೋ ಶುಲ್ಕ ನಿಮ್ಮ ಪಾಲಿನದ್ದಾದರೆ ಅದನ್ನೂ ಕೂಡಿಸಿದ ಮೊತ್ತವನ್ನೇ ಕಳಿಸಿ. ವ್ಯವಹಾರ ಸಂಖ್ಯೆಯನ್ನು ಷರಾ ಜಾಗದಲ್ಲಿ ಬರೆಯಿಸುವುದನ್ನು ಬಿಡಬೇಡಿ, ಇಲ್ಲದಿದ್ದರೆ ಹಣ ಯಾವ ವ್ಯವಹಾರದ್ದೆಂದು ಅವರು ಹುಡುಕುತ್ತಾ ಕೂರಬೇಕು.

ಸ್ವಂತ ಹೆಸರಲ್ಲಿ ಕೊಳ್ಳುವವರಿಗೆ: ಎಲ್‌ಆರ್‌ಎಸ್ ಅಡಿ ಆ ಆರ್ಥಿಕ ವರ್ಷದಲ್ಲಿ ಹೊರಕ್ಕೆ ಕಳಿಸಿದ ಒಟ್ಟು ಹಣ 10 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕು ಟಿಸಿಎಸ್ (ಮೊದಲೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯುತ್ತದೆ. ಅದು ರಿಟರ್ನ್‌ನಲ್ಲಿ ಹೊಂದಾಣಿಕೆ ಆಗುತ್ತದೆ, ಆದರೆ ಅಲ್ಲಿಯವರೆಗೆ ಕೈಯಿಂದ ಹೋಗಿರುತ್ತದೆ.

ಕೋಲಾರ ಕೋಡ್:

ಪೇಪಾಲ್‌ನಲ್ಲಿ ಕೊಟ್ಟರೆ ಕೊಳ್ಳುವವರಿಗೆ ರಕ್ಷಣೆ ಇದೆಯಲ್ಲವೇ? ಎಸ್ಕ್ರೋ ಶುಲ್ಕವೂ ಉಳಿಯುತ್ತದೆ.

ಲೆಕ್ಕಪತ್ರ:

'ಗೂಡ್ಸ್ ಅಂಡ್ ಸರ್ವಿಸಸ್' ಎಂದು ಕಳಿಸಿದರೆ 180 ದಿನದೊಳಗೆ ದೂರು ಕೊಡಬಹುದು. 'ಫ್ರೆಂಡ್ಸ್ ಅಂಡ್ ಫ್ಯಾಮಿಲಿ' ಎಂದು ಕಳಿಸಿ ಎನ್ನುವವರಿದ್ದರೆ ಅಲ್ಲಿಗೇ ವ್ಯವಹಾರ ನಿಲ್ಲಿಸಿ, ಅದಕ್ಕೆ ಯಾವ ರಕ್ಷಣೆಯೂ ಇಲ್ಲ. ಅನುಭವಿ ಮಾರಾಟಗಾರರು ಪೇಪಾಲ್ ಒಪ್ಪದಿರುವುದಕ್ಕೂ ಕಾರಣ ಇದೆ: ಡೊಮೇನ್ ಕೈಗೆ ಮುಟ್ಟುವ ವಸ್ತುವಲ್ಲ, ಹೆಸರು ಪಡೆದ ಮೇಲೆ ಕೊಳ್ಳುವವರು ಕಾರ್ಡ್ ಬ್ಯಾಂಕಿನಲ್ಲಿ ತಕರಾರು ಹಾಕಿದರೆ ಮಾರಿದವರಿಗೆ ಹೆಸರೂ ಇಲ್ಲ ದುಡ್ಡೂ ಇಲ್ಲ. ಇನ್ನು ಭಾರತದೊಳಗೆ ಇಬ್ಬರ ನಡುವೆ ಪೇಪಾಲ್ ಸಾಧ್ಯವೇ ಇಲ್ಲ, ದೇಶದೊಳಗಿನ ಪಾವತಿ ಸೇವೆಯನ್ನು ಅವರು 2021ರ ಏಪ್ರಿಲ್ 1ರಿಂದ ನಿಲ್ಲಿಸಿದ್ದಾರೆ.

ಕಡಲತೀರ:

ಕಾನೂನಿನ ದೃಷ್ಟಿಯಿಂದ ಎರಡು ಮಾತು ಹೇಳಲೇಬೇಕು.

'ಹೆಸರು 2004ರಲ್ಲೇ ನೋಂದಣಿಯಾಗಿದೆ, ಆ ಬ್ರ್ಯಾಂಡು ಬಂದದ್ದು 2012ರಲ್ಲಿ, ಹಾಗಾಗಿ ನಾವು ಸುರಕ್ಷಿತ' ಎಂದು ಬಹಳ ಜನ ನಂಬಿದ್ದಾರೆ. ಆದರೆ ಯುಡಿಆರ್‌ಪಿ, ಅಂದರೆ ಟ್ರೇಡ್‌ಮಾರ್ಕ್ ಇರುವವರು ಡೊಮೇನ್ ಹೆಸರಿನ ಮೇಲೆ ತಕರಾರು ಹಾಕುವ ವ್ಯವಸ್ಥೆಯ ವ್ಯಾಜ್ಯಗಳಲ್ಲಿ ಹೊಸ ಮಾಲೀಕರ ಉದ್ದೇಶವನ್ನು ಅಳೆಯುವುದು ಅವರು ಕೊಂಡ ದಿನದಿಂದ. ಮೊದಲ ನೋಂದಣಿಯ ದಿನ ನಿಮ್ಮನ್ನು ಕಾಯುವುದಿಲ್ಲ. ನೀವು ಇಂದು ಕೊಂಡರೆ ಇಂದಿನವರೆಗೆ ಇರುವ ಟ್ರೇಡ್‌ಮಾರ್ಕ್‌ಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಭಾರತದ ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ ನಿಮ್ಮ ಸರಕಿನ ವರ್ಗ ಹಾಕಿ ನೋಡಿ, ನೀವು ರಫ್ತು ಮಾಡುವ ದೇಶಗಳಲ್ಲೂ ನೋಡಿ. ಡಾಟ್ ಇನ್ ಹೆಸರಾದರೆ ವ್ಯಾಜ್ಯ ನಡೆಯುವುದು ಅಂಥದ್ದೇ ಭಾರತೀಯ ವ್ಯವಸ್ಥೆ ಐಎನ್‌ಡಿಆರ್‌ಪಿ ಅಡಿ, ಅದರ ನೋಂದಣಿ ಸಂಸ್ಥೆ ನಿಕ್ಸಿ.

ಎರಡನೆಯದು, ಒಂದು ಪುಟದ ಮಾರಾಟ ಪತ್ರ ಮಾಡಿಸಿ. ಎಸ್ಕ್ರೋದಲ್ಲಿ ಬರೆದದ್ದೇ ಸಾಕು ಎಂದುಕೊಳ್ಳಬೇಡಿ. ಹೆಸರು, ಬೆಲೆ, ಎಸ್ಕ್ರೋ ವ್ಯವಹಾರ ಸಂಖ್ಯೆ, ಮಾರುವವರ ಪೂರ್ಣ ಹೆಸರು ವಿಳಾಸ, 'ಇದು ನನ್ನದೇ, ಇದರ ಮೇಲೆ ಯಾವ ವ್ಯಾಜ್ಯ, ಅಡಮಾನ, ಬಾಡಿಗೆ ಒಪ್ಪಂದ ಇಲ್ಲ' ಎಂಬ ಖಾತರಿ, ಮೂರನೆಯವರು ಹಕ್ಕು ಸಾಧಿಸಿ ಹೆಸರು ಕೈತಪ್ಪಿದರೆ ಹಣ ಮರಳಿಸುವ ಹೊಣೆ, ಹೆಸರಿನ ಜೊತೆ ಲೋಗೋ ಅಥವಾ ಸೋಷಿಯಲ್ ಮೀಡಿಯಾ ಖಾತೆ ಬರುತ್ತದೆಯೇ ಇಲ್ಲವೇ, ಇಷ್ಟು ಇರಲಿ. ಹೊರದೇಶದವರ ಮೇಲೆ ಕೋರ್ಟಿಗೆ ಹೋಗುವುದು ಕಷ್ಟ ನಿಜ. ಆದರೆ ನಾಳೆ ಕಳವಿನ ತಕರಾರು ಬಂದಾಗ ನೀವು ಎಲ್ಲವನ್ನೂ ವಿಚಾರಿಸಿ ಕೊಂಡಿರಿ ಎಂದು ರಿಜಿಸ್ಟ್ರಾರ್‌ಗೂ ಮಧ್ಯಸ್ಥರಿಗೂ ತೋರಿಸಲು ಇದೇ ಕಾಗದ ಬೇಕಾಗುತ್ತದೆ. ಖಾತರಿಗೆ ಸಹಿ ಹಾಕಲು ಮಾರುವವರು ಹಿಂಜರಿದರೆ ಅಲ್ಲೇ ನಿಂತು ಕಾರಣ ಕೇಳಿ.

ಕೋಲಾರ ಕೋಡ್:

ನನ್ನದು ಚಿಕ್ಕ ವ್ಯವಹಾರ. ಡಾಟ್ ಇನ್ ಹೆಸರು, 18,000 ರೂಪಾಯಿ, ಮಾರುವವರು ಮೈಸೂರಿನವರು. ಯುಪಿಐ ಮಾಡಿ, ಕೂಡಲೇ ಕಳಿಸುತ್ತೇನೆ ಎನ್ನುತ್ತಾರೆ. ಇಷ್ಟಕ್ಕೆಲ್ಲ ಡಾಲರ್ ಎಸ್ಕ್ರೋ ಭಾರ ಆಗುತ್ತದೆ.

ಹುಬ್ಬಳ್ಳಿ ಹೋಸ್ಟ್:

ಯುಪಿಐ ಹೋತಂದ್ರ ಹೋತು. ಅದು ಮನಿಷ್ಯಾಗ ರೊಕ್ಕ ಮುಟ್ಟಿಸೋ ಸಾಧನ, ಸರಕಿಗೆ ಜಾಮೀನು ಅಲ್ಲ. ನಿಮಗ ದಾರಿ ಎರಡು ಅದಾವ.

ಮೊದಲನೇದು, ಡೈನಾಡಾಟ್, ಸೆಡೋ ಅಂಥ ಮಾರುಕಟ್ಟಿಯೊಳಗ ಆ ಹೆಸರನ್ನ ನಿಗದಿ ಬೆಲೆಗೆ ಪಟ್ಟಿ ಮಾಡ್ರಿ ಅಂತ ಅವರಿಗೆ ಹೇಳ್ರಿ. ನೀವು ಅಲ್ಲೇ ಕೊಳ್ರಿ. ರೊಕ್ಕ ಮಾರುಕಟ್ಟಿಯವರ ಕೈಯಾಗ ಇರತೈತಿ, ಹೆಸರು ನಿಮಗ ಬಂದ ಮ್ಯಾಲ ಅವರಿಗೆ ಹೋಗತೈತಿ. ಕಮಿಷನ್ ಮಾರೋರ ಮ್ಯಾಲ ಬೀಳತೈತಿ, ಅದಕ್ಕ ಬೆಲಿ ಒಂದೀಟು ಏರಿಸಿ ಕೇಳಬಹುದು, ಚೌಕಾಶಿ ಮಾಡ್ರಿ.

ಎರಡನೇದು, ಕೋಲಾರದಿಂದ ಮೈಸೂರು ದೂರೇನಿಲ್ಲ. ಇಬ್ಬರೂ ಎದುರಾಬದರು ಕೂತು ಲ್ಯಾಪ್‌ಟಾಪ್ ತಗೀರಿ. ಇಬ್ಬರದೂ ಒಂದೇ ರಿಜಿಸ್ಟ್ರಾರ್ ಖಾತೆ ಇರಲಿ. ಅವರು ಪುಶ್ ಮಾಡ್ತಾರ, ನೀವು ಒಪ್ಪಿಗೋತೀರಿ, ನಿಮ್ಮ ಖಾತೆಯ ಪಟ್ಟಿಯೊಳಗ ಹೆಸರು ಬಂದದ್ದು ಕಣ್ಣಿಂದ ನೋಡಿ ಅಲ್ಲೇ ಯುಪಿಐ ಮಾಡ್ರಿ. ಅವರಿಗೂ ಅಂಜಿಕಿ ಇರೂದಿಲ್ಲ, ಎದುರಿಗೇ ಕೂತಿರ್ತೀರಿ. ಒಂದು ಎಚ್ಚರ: ಅವರ ಫೋನಿಗೆ ಬ್ಯಾಂಕಿನ ಸಂದೇಶ ಬರೂತನಕ ಕೂತೇ ಇರ್ರಿ. ಇಬ್ಬರಿಗೂ ಚಲೋ.

ಲೆಕ್ಕಪತ್ರ:

ಅವರು ಜಿಎಸ್‌ಟಿ ನೋಂದಣಿ ಇರುವವರಾದರೆ 18% ಸೇರಿಸಿ ಬಿಲ್ ಕೊಡಬೇಕು, ಬೆಲೆ ಮಾತಾಡುವಾಗಲೇ ಒಳಗೊಂಡಿದೆಯೇ ಎಂದು ಕೇಳಿ. ಮೋಸ ಆಯಿತು ಎಂದು ತಿಳಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಹಿಡಿಸಬಹುದಾದ್ದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಯುಟಿಆರ್ (ಆ ಪಾವತಿಯ ಗುರುತಿನ) ಸಂಖ್ಯೆ ಕೈಯಲ್ಲಿರಲಿ.

ಅಡಿಕೆಸೀಮೆ:

ಎಲ್ಲರಿಗೂ ಧನ್ಯವಾದ. ಮಾರುವವರು ಎಸ್ಕ್ರೋ ಡಾಟ್ ಕಾಮ್‌ಗೂ ಗೋಡ್ಯಾಡಿ ಪುಶ್‌ಗೂ ಒಪ್ಪಿದ್ದಾರೆ. ಎರಡು ಪ್ರಶ್ನೆ ಉಳಿದಿವೆ. ಪರಿಶೀಲನೆಗೆ ಒಂದೇ ದಿನ ಕೊಡುತ್ತೇನೆ, ಪುಶ್‌ಗೆ ಅಷ್ಟು ಸಾಕು ಎನ್ನುತ್ತಾರೆ. ಹೆಸರು ಮೂರು ವಾರದ ಹಿಂದೆ ತಾನಾಗಿ ನವೀಕರಣ ಆಗಿದೆ, ಆ ಒಂದು ವರ್ಷದ ಲಾಭ ನಮಗೆ ಎಂದೂ ಹೇಳುತ್ತಿದ್ದಾರೆ. ನಿಜವೇ?

ರೂಟ್‌ಝೋನ್:

ನವೀಕರಣದ ಮಾತು: ಪುಶ್ ಆದರೆ ನಿಜ, ವರ್ಷ ಹೆಸರಿನ ಜೊತೆಗೇ ಬರುತ್ತದೆ. ಬೇರೆ ರಿಜಿಸ್ಟ್ರಾರ್‌ಗೆ ಒಯ್ದರೆ ಲೆಕ್ಕ ಬೇರೆ. ಅವಧಿ ಮುಗಿದು ತಾನಾಗಿ ನವೀಕರಣವಾದ 45 ದಿನದೊಳಗೆ ಡಾಟ್ ಕಾಮ್ ಹೆಸರನ್ನು ವರ್ಗಾಯಿಸಿದರೆ ಆ ನವೀಕರಣದ ವರ್ಷ ರದ್ದಾಗಿ, ವರ್ಗಾವಣೆಯ ಒಂದು ವರ್ಷ ಮಾತ್ರ ಉಳಿಯುತ್ತದೆ. ನಿಮಗೆ ಹೇಗೂ 60 ದಿನದ ಲಾಕ್ ಇರುವುದರಿಂದ ಆ 45 ದಿನ ಕಳೆದೇ ಇರುತ್ತದೆ, ನಷ್ಟವಿಲ್ಲ.

ಒಂದು ದಿನದ ಪರಿಶೀಲನೆಗೆ ಒಪ್ಪಬೇಡಿ, ಕನಿಷ್ಠ 3 ದಿನ ಕೇಳಿ. ಪುಶ್ ಒಂದು ಗಂಟೆಯಲ್ಲಿ ಮುಗಿಯಬಹುದು, ಆದರೆ ನೋಡಬೇಕಾದ್ದು ಅಷ್ಟರಲ್ಲಿ ಮುಗಿಯುವುದಿಲ್ಲ. ಹೆಸರು ನಿಮ್ಮ ಖಾತೆಯಲ್ಲಿ ಕಂಡ ಮೇಲೆ ನೋಂದಾಯಿತರ ವಿವರ ನಿಮ್ಮ ಸಂಸ್ಥೆಯದ್ದೇ ಇದೆಯೇ ನೋಡಿ. ಹಳೇ ಮಾಲೀಕರ ಈಮೇಲ್ ಅಲ್ಲೇ ಉಳಿದಿದ್ದರೆ ನಾಳಿನ ಒಪ್ಪಿಗೆ ಮೇಲ್‌ಗಳೆಲ್ಲ ಅವರಿಗೇ ಹೋಗುತ್ತವೆ. ವಿವರ ಬದಲಾದ ಮೇಲೆ ಈಮೇಲ್ ದೃಢೀಕರಿಸಿ ಎಂಬ ಮೇಲ್ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತದಿದ್ದರೆ ರಿಜಿಸ್ಟ್ರಾರ್ ಹೆಸರನ್ನೇ ನಿಲ್ಲಿಸಬಹುದು. ಲಾಕ್ ಹಾಕಿ, ಖಾತೆಗೆ ಎರಡು ಹಂತದ ಲಾಗಿನ್ ಇಡಿ. ಆಮೇಲೆ ನೇಮ್‌ಸರ್ವರ್ ನಿಮ್ಮದಕ್ಕೆ ಬದಲಿಸಿ, ಹೊರಗಿನಿಂದ ನೋಡಿದಾಗಲೂ ಬದಲಾಗಿದೆಯೇ ಖಚಿತ ಮಾಡಿಕೊಳ್ಳಿ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಹೆಸರು ಸೇರಿಸಿ 'ಮ್ಯಾನುಯಲ್ ಆಕ್ಷನ್ಸ್' ಪುಟ ನೋಡಿ. ಹಳೆಯ ಸ್ಪ್ಯಾಮ್‌ಗೆ ಗೂಗಲ್ ದಂಡ ಹಾಕಿದ್ದರೆ ಅಲ್ಲಿ ಕಾಣುತ್ತದೆ, ಕೊಳ್ಳುವ ಮೊದಲು ಇದನ್ನು ನೀವು ನೋಡಲು ಸಾಧ್ಯವೇ ಇರಲಿಲ್ಲ. ನೀವು ರಫ್ತಿನವರು, ಮೇಲ್ ಮುಖ್ಯ. ಸ್ಪ್ಯಾಮ್ ಕಳಿಸುವ ಹೆಸರುಗಳನ್ನು ಪಟ್ಟಿ ಮಾಡುವ ಸ್ಪ್ಯಾಮ್‌ಹೌಸ್‌ನ ಡೊಮೇನ್ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮಾತ್ರ ಹಣ ಕಟ್ಟುವ ಮೊದಲೇ ನೋಡಿ.

ನಂಜನಗೂಡು ನೇಮ್‌ಸರ್ವರ್:

ಇದಕ್ಕೆ ಎರಡು ಸೇರಿಸುತ್ತೇನೆ. ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ದಾಖಲೆಯಲ್ಲಿ, ಅಂದರೆ ಸೈಟುಗಳಿಗೆ ಕೊಟ್ಟ ಸುರಕ್ಷತಾ ಸರ್ಟಿಫಿಕೇಟುಗಳ ಸಾರ್ವಜನಿಕ ಪಟ್ಟಿಯಲ್ಲಿ, ಹೆಸರು ಹುಡುಕಿ. ಹಳೇ ಮಾಲೀಕರು ತೆಗೆದುಕೊಂಡ ಇಂಥ ಟಿಎಲ್‌ಎಸ್ ಸರ್ಟಿಫಿಕೇಟಿನ ಅವಧಿ ಇನ್ನೂ ಇದ್ದರೆ ಅದರ ಗುಪ್ತ ಕೀ ಅವರ ಬಳಿಯೇ ಇರುತ್ತದೆ. ಕೊಟ್ಟ ಪ್ರಾಧಿಕಾರಕ್ಕೆ ನೀವೇ ಹೊಸ ಮಾಲೀಕರೆಂದು ತೋರಿಸಿ ರದ್ದು ಮಾಡಿಸಬಹುದು.

ಇನ್ನೊಂದು ಡಿಎನ್‌ಎಸ್‌ಸೆಕ್, ಅಂದರೆ ಡಿಎನ್‌ಎಸ್ ಉತ್ತರ ಅಸಲಿಯೇ ಎಂದು ಡಿಜಿಟಲ್ ಸಹಿಯಿಂದ ಪರೀಕ್ಷಿಸುವ ವ್ಯವಸ್ಥೆ. ಐಕ್ಯಾನ್ ಲುಕಪ್‌ನಲ್ಲಿ ಈ ಹೆಸರಿಗೆ ಡೆಲಿಗೇಶನ್ ಸೈನ್ಡ್ ಎಂದು ಬರುತ್ತಿದೆಯೇ ಈಗಲೇ ನೋಡಿ. ಬರುತ್ತಿದ್ದರೆ ಹಳೇ ಡಿಎಸ್ ರೆಕಾರ್ಡ್ (ಆ ಸಹಿಯ ಕೀಯನ್ನು ಗುರುತಿಸುವ ನಮೂದು) ಇರುವಾಗಲೇ ನೀವು ನೇಮ್‌ಸರ್ವರ್ ಬದಲಿಸಿದರೆ ಸಹಿ ತಾಳೆಯಾಗದೆ, ಅದನ್ನು ಪರಿಶೀಲಿಸುವ ರಿಸಾಲ್ವರ್ (ಹೆಸರಿನ ವಿಳಾಸ ಹುಡುಕಿಕೊಡುವ ಸರ್ವರ್) ಬಳಸುವವರಿಗೆಲ್ಲ ಹೆಸರು ತೆರೆಯುವುದೇ ಇಲ್ಲ. ಕೊಂಡವರು 'ಹೆಸರೇ ಕೆಟ್ಟಿದೆ' ಎಂದು ಎಸ್ಕ್ರೋದಲ್ಲಿ ತಿರಸ್ಕರಿಸಿಬಿಡುತ್ತಾರೆ, ಮಾರಿದವರದ್ದೇನೂ ತಪ್ಪಿರುವುದಿಲ್ಲ. ಮೊದಲು ಡಿಎಸ್ ರೆಕಾರ್ಡ್ ತೆಗೆಯಿರಿ. ಡಾಟ್ ಕಾಮ್‌ನಲ್ಲಿ ಅದರ ಟಿಟಿಎಲ್ (ಬೇರೆ ಸರ್ವರುಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿ) 86,400 ಸೆಕೆಂಡ್, ಅಂದರೆ ಹಳೆಯದು ಎಲ್ಲ ಕಡೆ ಅಳಿಯಲು ಪೂರ್ತಿ ಒಂದು ದಿನ ಬೇಕು. ಆಮೇಲೆ ನೇಮ್‌ಸರ್ವರ್ ಬದಲಿಸಿ, ಮರುದಿನ ನೋಡಿ ಒಪ್ಪಿಗೆ ಒತ್ತಿ. ಮೂರು ದಿನ ಯಾಕೆ ಬೇಕು ಎಂದು ಮಾರುವವರು ಕೇಳಿದರೆ ಈ ಲೆಕ್ಕವನ್ನೇ ಅವರಿಗೆ ಕಳಿಸಿ. ಇಲ್ಲವೇ ಪುಶ್ ಮಾಡುವ ಹಿಂದಿನ ದಿನವೇ ಅವರ ಕಡೆಯಿಂದ ಡಿಎಸ್ ತೆಗೆಸಿ, ಆಗ ಎರಡು ದಿನಕ್ಕೂ ಒಪ್ಪಬಹುದು.